ಕೊನೆಯ ಹಲಗೆ

ಜೂನ್ ೪

ತಮ್ಮಾ,

ನಿನ್ನ ಕಾಗದ ಬಂತು. ಅಮ್ಮ ಅದನ್ನು ನನ್ನ ಕೈಯಲ್ಲಿ ಮತ್ತೆ ಮತ್ತೆ ಓದಿಸಿದಳು. ಮಡಚಿಟ್ಟ ಮೇಲೂ ಅವಳಿಗೆ ಅನುಮಾನ, ತನಗೆ ಓದಲು ಬಾರದೆಂದು ನಾನು ನಡುವೆ ಏನೋ ನುಂಗಿಕೊಂಡೆನೆಂದು. ಕಾಗದವನ್ನು ಕಸಿದುಕೊಂಡು ಒಂದೊಂದು ಸಾಲಿನ ಮೇಲೂ ಬೆರಳಾಡಿಸಿ, "ಇಲ್ಲೇನಿದೆ, ಇಲ್ಲೇನಿದೆ" ಎಂದು ಕೇಳುತ್ತಾಳೆ. ನಾನು ಟೀಚರಾಗಿ ಇಷ್ಟು ವರ್ಷವಾಯಿತು, ಇವಳಷ್ಟು ಬಿಗಿಯಾದ ಇನ್‌ಸ್ಪೆಕ್ಟರನ್ನು ಕಂಡಿಲ್ಲ.

ಒಂದು ಸುದ್ದಿ. ಭಾನುವಾರದ ಪತ್ರಿಕೆಯಲ್ಲಿ ನನ್ನ ಪದ್ಯ ಬಂದಿದೆ. ಮಳೆ, ಮುಸ್ಸಂಜೆ, ಒಂಟಿತನ ಎಂದು ನಾನು ಈವರೆಗೆ ಬರೆದು ಕಳಿಸಿದ್ದೆಲ್ಲ ಹಿಂದಕ್ಕೆ ಬರುತ್ತಿತ್ತು. ಈಗ ನಿಮ್ಮ ಮೇಲೆ, ಅಂದರೆ ಯುದ್ಧಕ್ಕೆ ಹೋದವರ ಮೇಲೆ, ಬರೆದದ್ದನ್ನು ಸಂಪಾದಕರು ಒಂದಕ್ಷರ ಮುಟ್ಟದೆ ಮೊದಲ ಪುಟದಲ್ಲೇ ಹಾಕಿದ್ದಾರೆ. ಹೆಡ್‌ಮಾಸ್ಟರು ಬೆಳಿಗ್ಗೆ ಮಕ್ಕಳನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ ನನ್ನಿಂದಲೇ ಓದಿಸಿದರು. ಯಾವತ್ತೂ ನನ್ನತ್ತ ತಿರುಗಿ ನೋಡದ ಗಣಿತದ ಮೇಷ್ಟ್ರು ಕಣ್ಣೊರೆಸಿಕೊಂಡರು. ನೀನು ಅಲ್ಲಿರುವುದರಿಂದ ನನಗೆ ಇಲ್ಲಿ ಈ ಮರ್ಯಾದೆ ಬಂತಲ್ಲ ಎಂದು ಒಂದು ಥರ ನಾಚಿಕೆಯೂ ಆಯಿತು.

ಪತ್ರಿಕೆಯ ತುಂಡನ್ನು ಇದರೊಳಗಿಟ್ಟಿದ್ದೇನೆ. ನಿಮ್ಮವರಿಗೂ ಓದಿ ಹೇಳು, ಏನಂದರು ಬರೆ. ಸುಮ್ಮನೆ ಹೊಗಳಬೇಡ, ನನಗೆ ಗೊತ್ತಾಗುತ್ತದೆ.

ಅಕ್ಕ

ಜೂನ್ ೨೭

ಅಕ್ಕಾ,

ಇದನ್ನು ನಿನ್ನ ಶಾಲೆಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಮನೆಗೆ ಬೇರೆ ಕಾಗದ ಬರೆದಿದ್ದೇನೆ. ಅದರಲ್ಲಿ ಊಟ, ನಿದ್ದೆ, ಹವೆ ಎಲ್ಲ ಚೆನ್ನಾಗಿದೆ, ಅದನ್ನು ಅಮ್ಮನಿಗೆ ಓದು. ಹಾಗೆಂದು ಇದರಲ್ಲಿ ಭಯಂಕರವಾದದ್ದೇನೋ ಇದೆ ಅಂದುಕೊಳ್ಳಬೇಡ. ನನ್ನ ಒಂದು ಹಲ್ಲು ಕಿತ್ತರು, ಅಷ್ಟೆ. ಅಮ್ಮನಿಗೆ ಹೇಳಿದರೆ ಉಳಿದ ಹಲ್ಲುಗಳಿಗೂ ಸೇರಿಸಿ ಈಗಲೇ ಅಳುತ್ತಾಳೆ. ಇನ್ನು ಮೇಲೆ ಅವಳು ಕೇಳಬಾರದ್ದನ್ನೆಲ್ಲ ಶಾಲೆಗೇ ಬರೆಯುತ್ತೇನೆ.

ಪದ್ಯವನ್ನು ಎಲ್ಲರಿಗೂ ಓದಿದೆ. ನಮ್ಮ ಕೆಲಸ ನಿನಗೆ ಗೊತ್ತಲ್ಲ, ಹೊಳೆಗೆ ಅಡ್ಡಲಾಗಿ ದೋಣಿಗಳನ್ನು ಸಾಲಾಗಿ ಕಟ್ಟಿ, ಮೇಲೆ ಹಲಗೆ ಹಾಸಿ, ಸೇನೆಯ ಲಾರಿಗಳನ್ನು ದಾಟಿಸುವುದು. ನಿನ್ನ ಪದ್ಯದಲ್ಲಿ ಎಲ್ಲರ ಕೈಯಲ್ಲೂ ಖಡ್ಗ ಇದೆ. ಓದಿ ಮುಗಿಸುವಷ್ಟರಲ್ಲಿ ಒಬ್ಬ ಸುತ್ತಿಗೆ ಎತ್ತಿ ಹಿಡಿದು ವೀರನ ಹಾಗೆ ನಿಂತ, ಅಡುಗೆಯವನು ಸೌಟು ಎತ್ತಿದ. ನಕ್ಕು ನಕ್ಕು ಸಾಕಾಯಿತು. ಬೇಜಾರು ಮಾಡಿಕೊಳ್ಳಬೇಡ, ಪ್ರೀತಿಯಿಂದಲೇ ನಕ್ಕರು.

ಒಬ್ಬ ಮಾತ್ರ ನಗಲಿಲ್ಲ. ಅವನನ್ನು ನಾವೆಲ್ಲ ಬಡಗಿ ಅಂತಲೇ ಕರೆಯುತ್ತೇವೆ. ಊರಲ್ಲಿ ಬಾಗಿಲು, ಕಿಟಕಿ, ಮಂಚ ಮಾಡುತ್ತಿದ್ದವನು. ಹೆಂಡತಿ ಇಸ್ತ್ರಿ ಅಂಗಡಿ ನಡೆಸುತ್ತಾಳೆ, ಅದರ ಮೇಜೂ ಇವನ ಕೈಕೆಲಸ. ಆ ಮೇಜಿನ ವರ್ಣನೆ ನಮಗೆಲ್ಲ ಬಾಯಿಪಾಠವಾಗಿದೆ. ನನ್ನ ಕೈಗೆ ಗರಗಸ ಕೊಟ್ಟು ಕೊಯ್ಯುವುದು ಕಲಿಸಿದವನೂ ಅವನೇ. ನಿನ್ನ ಪದ್ಯವನ್ನು ತಾನೊಮ್ಮೆ ಓದಿಕೊಂಡು, "ನಿಮ್ಮ ಅಕ್ಕಂಗೆ ಹೇಳು, ಕತ್ತಿ ಬಿಟ್ಟು ಹಲಗೆ ಬಗ್ಗೆ ಬರೀಲಿ. ಹಲಗೆ ಇಲ್ದೆ ಕತ್ತಿ ಹೊಳೆ ಹೆಂಗೆ ದಾಟುತ್ತೆ?" ಎಂದ.

ಅವನು ಹೇಳಿದ್ದನ್ನು ಹೇಳಿದ್ದೇನೆ. ಬರೆಯುವುದು ಬಿಡುವುದು ನಿನ್ನಿಷ್ಟ.

ತಮ್ಮ

ಜುಲೈ ೧೫

ತಮ್ಮಾ,

ಹಲ್ಲಿನ ಕಥೆ ಅಮ್ಮನಿಗೆ ಹೇಳಿಲ್ಲ. ಸೌಟಿನ ಕಥೆ ಹೇಳಿದೆ, ಬಿದ್ದು ಬಿದ್ದು ನಕ್ಕಳು.

ನಿನ್ನ ಬಡಗಿ ಹೇಳಿದ ಮಾತು ತಲೆಯಲ್ಲಿ ಕೂತುಬಿಟ್ಟಿದೆ. ತರಗತಿಯಲ್ಲಿ ಪಾಠ ಮಾಡುತ್ತಾ ಮೇಜಿನ ಹಲಗೆ ಸವರುತ್ತೇನೆ. ಕತ್ತಿಯ ಮೇಲೆ ಬರೆಯುವುದು ಸುಲಭ, ಹಿಂದಿನವರೆಲ್ಲ ಬರೆದಿಟ್ಟಿದ್ದಾರೆ. ಹಲಗೆಗೆ ಪ್ರಾಸ ಹುಡುಕುವುದೇ ಕಷ್ಟ. ಆದರೂ ಬರೆಯುತ್ತೇನೆಂದು ಹೇಳು. ಅವನು ಹೇಗೆ ಮಾತಾಡುತ್ತಾನೆ, ಕೆಲಸ ಮಾಡುವಾಗ ಏನು ಹಾಡುತ್ತಾನೆ, ಎಲ್ಲ ಬರೆ. ನನಗೆ ನೋಡಿದ ಹಾಗಾಗಬೇಕು.

ಅಕ್ಕ

ಆಗಸ್ಟ್ ೯
ಮನೆಯ ವಿಳಾಸಕ್ಕೆ

ಅಮ್ಮನಿಗೆ, ಅಕ್ಕನಿಗೆ,

ನಾನು ಚೆನ್ನಾಗಿದ್ದೇನೆ. ಹೋದ ವಾರ ನಮ್ಮ ಬಡಗಿ ತೀರಿಕೊಂಡ. ಸೇತುವೆ ಮುಗಿದಿತ್ತು, ಲಾರಿಗಳು ದಾಟುತ್ತಿದ್ದವು. ಅವನು ನೋವು ತಿನ್ನಲಿಲ್ಲ. ಮುಖ ನಗುಮುಖವಾಗಿಯೇ ಇತ್ತು. ನಾನು ಪಕ್ಕದಲ್ಲಿದ್ದೆ.

ಇಲ್ಲಿ ನೀರು ತುಂಬ ತಣ್ಣಗಿದೆ. ಸಾಧ್ಯವಾದರೆ ಉಣ್ಣೆಯ ಕಾಲುಚೀಲ ಕಳಿಸಿ.

ಸೆಪ್ಟೆಂಬರ್ ೧೪

ತಮ್ಮಾ,

ಕಾಲುಚೀಲ ಕಳಿಸಿದ್ದೇನೆ, ಅಮ್ಮನೇ ಹೆಣೆದದ್ದು.

ನಿನ್ನ ಕಾಗದ ಓದಿ ಇಬ್ಬರೂ ಅತ್ತೆವು. ಕಂಡರಿಯದವನಿಗಾಗಿ ಅಮ್ಮ ಅಂದು ಊಟ ಬಿಟ್ಟಳು. ನಗುಮುಖವಾಗಿಯೇ ಇತ್ತು ಎಂದೆಯಲ್ಲ, ಆ ಒಂದು ಮಾತು ಹಿಡಿದು ನಾನು ಕೂತೆ. ಅವನು ಕೇಳಿದ ಹಲಗೆಯ ಪದ್ಯ ಕೂತಲ್ಲೇ ಬಂದುಬಿಟ್ಟಿತು. ಇಷ್ಟು ಸಲೀಸಾಗಿ ಯಾವುದೂ ಬಂದಿರಲಿಲ್ಲ. 'ಕೊನೆಯ ಹಲಗೆ' ಎಂದು ಹೆಸರಿಟ್ಟೆ.

ಕೊನೆಗೆ ಒಂದು ಹಲಗೆ ಸಾಲದೆ
ಅವನು ತಾನೇ ಹಲಗೆಯಾದ;
ಎದೆಯ ಮೇಲೆ ಸೇನೆ ನಡೆಯಲು
ನಗುತ ನಗುತ ಹೊಳೆಯ ಸೇರಿದ.

ಪತ್ರಿಕೆಯಲ್ಲಿ ಬಂದ ವಾರವೇ ಸಂಗೀತದ ಮೇಷ್ಟ್ರೊಬ್ಬರು ಇದಕ್ಕೆ ರಾಗ ಹಾಕಿದರು. ಈಗ ದಿನಾ ಸಂಜೆ ರೇಡಿಯೋದಲ್ಲಿ ಬರುತ್ತದೆ. ಸೇನೆಗೆ ಹೆಸರು ಬರೆಸಿಕೊಳ್ಳುವ ಕಚೇರಿಯ ಗೋಡೆಯ ಮೇಲೆ ಮೊದಲ ಎರಡು ಸಾಲು ಬರೆಸಿದ್ದಾರೆ, ಹೋಗಿ ನೋಡಿ ಬಂದೆ. ಬೀದಿಯಲ್ಲಿ ನಿಂತು ನನ್ನ ಸಾಲನ್ನು ನಾನೇ ಯಾರದೋ ಎನ್ನುವ ಹಾಗೆ ಓದಿದೆ. ನಿನ್ನ ಗೆಳೆಯ ಸಾಯಲಿಲ್ಲ ತಮ್ಮಾ. ಅವನನ್ನು ಸಾಯಲು ನಾನು ಬಿಡಲಿಲ್ಲ.

ಅಕ್ಕ

ಅಕ್ಟೋಬರ್ ೬

ಅಕ್ಕಾ,

ಕಾಲುಚೀಲ ಸರಿಯಾಗಿವೆ. ಪದ್ಯವೂ ಬಂತು. ಅದು ಬರುವ ಮೊದಲೇ ರೇಡಿಯೋದಲ್ಲಿ ಕೇಳಿದ್ದೆವು. ಯಾರೂ ಏನೂ ಅನ್ನಲಿಲ್ಲ. ಅಡುಗೆಯವನು ಎದ್ದುಹೋಗಿ ರೇಡಿಯೋ ಆರಿಸಿದ.

ಅಮ್ಮನ ಕಾಲಿನ ಊತ ಹೇಗಿದೆ?

ತಮ್ಮ

ಅಕ್ಟೋಬರ್ ೨೪

ತಮ್ಮಾ,

ಯಾರೂ ಏನೂ ಅನ್ನಲಿಲ್ಲ ಎಂದದ್ದನ್ನು ಎರಡು ಸಲ ಓದಿದೆ. ಅವನನ್ನು ಕಣ್ಣಾರೆ ಕಂಡವರ ಆ ಮೌನದ ಮುಂದೆ ಇಲ್ಲಿಯ ಚಪ್ಪಾಳೆಯೆಲ್ಲ ಏನೂ ಅಲ್ಲ.

ನಿನ್ನೆ ಅವನ ಹೆಂಡತಿ ಬಂದಿದ್ದಳು. ಹಾಡಿನ ಮುಂದಿನ ಚರಣದಲ್ಲಿ ನಾನು ತಂದ ಇಸ್ತ್ರಿಯ ಮೇಜಿನಿಂದ ಅದು ತನ್ನ ಗಂಡನೇ ಎಂದು ಗುರುತಿಸಿ, ಬರೆದವರು ಯಾರೆಂದು ರೇಡಿಯೋದವರನ್ನು ಕೇಳಿ ತಿಳಿದುಕೊಂಡು, ಬಸ್ಸು ಬದಲಿಸಿ ಬದಲಿಸಿ ನಮ್ಮ ಶಾಲೆ ಹುಡುಕಿಕೊಂಡು ಬಂದಿದ್ದಾಳೆ. ಸ್ಟಾಫ್ ರೂಮಿನಲ್ಲಿ ಕುರ್ಚಿ ಕೊಟ್ಟರೆ ಅಂಚಿನಲ್ಲಿ ಕೂತಳು. ಸೀರೆಯ ನಿರಿಗೆ ಒಂದಿಷ್ಟೂ ಕದಲಿರಲಿಲ್ಲ, ಇಸ್ತ್ರಿಯವಳಲ್ಲವೇ. ಸೇನೆಯಿಂದ ಅವಳಿಗೆ ಬಂದದ್ದು ಬರೀ ಎರಡು ಸಾಲಿನ ತಂತಿಯಂತೆ. ಗಂಡ ಹೇಗೆ ಹೋದನೆಂದು ಅವಳಿಗೆ ತಿಳಿದದ್ದೇ ನನ್ನ ಹಾಡಿನಿಂದ. ಅದನ್ನು ಹೇಳುವಾಗ ಅವಳು ಅಳಲಿಲ್ಲ, ನಾನು ಅತ್ತೆ.

ಆಮೇಲೆ ಅವಳು, "ಟೀಚರ್, ಒಂದು ಮಾತು ಕೇಳ್ಲಾ?" ಎಂದಳು. "ಹಾಡಲ್ಲಿ ಎದೆ ಮೇಲೆ ಸೇನೆ ನಡೀತು ಅಂತ ಇದೆಯಲ್ಲ. ಅವರು ನಡೆಯೋವಾಗ ಇವರಿಗೆ ಜೀವ ಇತ್ತಾ?"

ನನಗೆ ತಕ್ಷಣ ಅರ್ಥವೇ ಆಗಲಿಲ್ಲ. ಅದು ಹಾಗಲ್ಲ, ಪದ್ಯದಲ್ಲಿ ಹಾಗೆ ಹೇಳುವ ರೂಢಿ, ನಿಜವಾಗಿ ಯಾರೂ ಯಾರ ಮೇಲೂ ನಡೆಯಲಿಲ್ಲ ಎಂದು ತರಗತಿಯಲ್ಲಿ ಬಿಡಿಸಿ ಹೇಳುವ ಹಾಗೆ ಹೇಳಿದೆ. ಅವಳು ತಲೆಯಾಡಿಸುತ್ತಾ ಕೇಳಿದಳು. ಕೊನೆಗೆ, "ನಾನು ಓದಿದೋಳಲ್ಲ. ಹಾಗಾದ್ರೆ ಜೀವ ಇರಲಿಲ್ಲ ಅಂತ ಅಂದ್ಕೋಬೇಕಾ?" ಎಂದಳು.

ನನ್ನ ತಮ್ಮ ಪಕ್ಕದಲ್ಲಿದ್ದ, ಅವನನ್ನೇ ಕೇಳಿ ತಿಳಿಸುತ್ತೇನೆ ಎಂದು ಕಳಿಸಿಕೊಟ್ಟೆ. ಅವಳಿಗೆ ಸಮಾಧಾನವಾಗುವಂಥ ನಾಲ್ಕು ಮಾತು ಬರೆದು ಕಳಿಸು.

ಅಕ್ಕ

ನವೆಂಬರ್ ೧೭

ಅಕ್ಕಾ,

ಈ ಕಾಗದ ಅಂಚೆಯಲ್ಲಿ ಬರುತ್ತಿಲ್ಲ, ಇಲ್ಲಿಂದ ಹೋಗುವುದನ್ನೆಲ್ಲ ಒಡೆದು ಓದುತ್ತಾರೆ. ಗಾಯವಾಗಿ ಊರಿಗೆ ಹೋಗುತ್ತಿರುವ ಒಬ್ಬ ನಂಬಿಕಸ್ಥ ನಿನ್ನ ಶಾಲೆಗೇ ತಂದುಕೊಡುತ್ತಾನೆ. ಓದಿ ಸುಟ್ಟುಬಿಡು. ಯಾರಿಗೂ ತೋರಿಸಬೇಡ. ಇದನ್ನು ಪದ್ಯ ಮಾಡಬೇಡ. ಇದೊಂದು ಮಾತು ನಡೆಸಿಕೊಡು.

ಸತ್ತವರ ಮನೆಗೆ ಬರೆಯುವಾಗ ನೋವಿರಲಿಲ್ಲ, ಮುಖ ನಗುಮುಖವಾಗಿತ್ತು ಅಂತ ಬರೆಯಿರಿ ಎಂದು ನಮಗೆ ಹೇಳಿಕೊಟ್ಟಿದ್ದಾರೆ. ನಾನು ನಿಮಗೂ ಅದನ್ನೇ ಬರೆದೆ. ಅಮ್ಮ ಕೇಳುತ್ತಾಳಲ್ಲ ಅಂತ ಬರೆದೆ. ನೀನು ಅದನ್ನು ಹಾಡು ಮಾಡುತ್ತೀಯ ಅಂದುಕೊಂಡಿರಲಿಲ್ಲ.

ಸೇತುವೆ ಮುಗಿದಾಗ ಬೆಳಗಾಗಿತ್ತು. ಹೊಳೆ ಏರಿತ್ತು, ಲಾರಿಗಳು ಆಗಲೇ ದಾಟತೊಡಗಿದ್ದವು. ನಡುವಿನ ಒಂದು ದೋಣಿ ಸೆಳವಿಗೆ ಜರುಗಿ ಜರುಗಿ ಹಳೆಯ ಮರದ ಕಂಬವೊಂದಕ್ಕೆ ಒತ್ತುತ್ತಿತ್ತು. ಹಗ್ಗ ಬಿಗಿಯಲು ಬಡಗಿ ನೀರಿಗಿಳಿದ, ನಾನೂ ಹಿಂದೆಯೇ ಇಳಿದೆ. ದೋಣಿ ಮತ್ತೆ ಜರುಗಿತು. ಅವನ ಕಾಲು ದೋಣಿಗೂ ಕಂಬಕ್ಕೂ ನಡುವೆ ಸಿಕ್ಕಿತು. ಬಿಡಿಸಬೇಕಾದರೆ ಸೇತುವೆಯನ್ನೇ ಬಿಚ್ಚಬೇಕು. ಲಾರಿ ನಿಲ್ಲಿಸಿ ಎಂದು ಕೂಗಿಕೊಂಡೆ. ನಮ್ಮ ಅಧಿಕಾರಿ ಮೇಲಿನಿಂದ ಬಗ್ಗಿ ನೋಡಿದರು. ಅವರೇನು ಕೆಟ್ಟವರಲ್ಲ. "ಆಚೆ ನಮ್ಮವರು ಸಿಕ್ಕಾಕ್ಕೊಂಡಿದಾರೆ, ನಿಲ್ಲಿಸೋ ಹಾಗಿಲ್ಲ" ಎಂದು ಮುಖ ತಿರುಗಿಸಿಕೊಂಡರು.

ಲಾರಿ ಮೇಲೆ ಬಂದಾಗ ದೋಣಿ ಭಾರಕ್ಕೆ ಕೆಳಗೆ ಕೂರುತ್ತಿತ್ತು. ಅದರ ಜೊತೆ ಅವನೂ ಮುಳುಗುತ್ತಿದ್ದ. ಲಾರಿ ಹೋದರೆ ಮೇಲೆ ಬರುತ್ತಿದ್ದ. ನಾನು ಅವನ ಗದ್ದ ಹಿಡಿದು ಎತ್ತಿಕೊಂಡು ನಿಂತಿದ್ದೆ. ಮೊದಲು ಅವನು ಬೈದ. ಸೇನೆಯನ್ನು, ಹೊಳೆಯನ್ನು, ನನ್ನನ್ನು, ನಿನ್ನನ್ನೂ ನಿನ್ನ ಕತ್ತಿಯ ಪದ್ಯವನ್ನೂ ಬೈದ. ಆಮೇಲೆ ಗರಗಸ ತಾ ಎಂದ. ದಡದಿಂದ ಯಾರೋ ಎಸೆದರು. ಮೊಣಕಾಲ ಕೆಳಗೆ ಕೊಯ್ಯಿ ಎಂದು ಹೇಗೆ ಹಿಡಿಯಬೇಕೆಂದು ತಾನೇ ಹೇಳಿಕೊಟ್ಟ. "ಮೊದಲು ನಿಧಾನಕ್ಕೆ ಎಳಿ, ಗೆರೆ ಬೀಳೋವರೆಗೂ ಒತ್ಬೇಡ." ಹಲಗೆ ಕೊಯ್ಯಲು ಕಲಿಸುವಾಗಲೂ ಇದೇ ಮಾತು ಹೇಳುತ್ತಿದ್ದ. ನೀರೊಳಗೆ ಹಚ್ಚಿ ಒಂದು ಸಲ ಎಳೆದೆ. ಕಿರುಚಿದ. ನನ್ನ ಕೈ ನಿಂತಿತು. "ನಿಲ್ಲಿಸ್ಬೇಡ" ಎಂದ. ನನ್ನಿಂದ ಆಗಲಿಲ್ಲ ಅಕ್ಕಾ.

ಕೊನೆಗೆ ಅಮ್ಮನನ್ನು ಕರೆದ. ಅವನ ಅಮ್ಮ ಅವನು ಎಳೆಯವನಿದ್ದಾಗಲೇ ಹೋದವಳು, ಮುಖ ನೆನಪಿಲ್ಲ ಎಂದು ನಮ್ಮ ಹತ್ತಿರ ಹೇಳಿದ್ದ. ಒಂದು ದೊಡ್ಡ ಲಾರಿ ಬಂತು, ಅದಕ್ಕೆ ಅಂಟಿಕೊಂಡೇ ಇನ್ನೊಂದು ಬಂತು. ಅವನು ಮೇಲೆ ಬರಲಿಲ್ಲ. ಚಾಲಕನೊಬ್ಬ ನನ್ನತ್ತ ಕೈ ಬೀಸಿದ. ಸ್ನಾನ ಮಾಡುತ್ತಿದ್ದೇನೆ ಅಂದುಕೊಂಡನೋ ಏನೋ.

ಆಚೆಗೆ ಹೋದ ಲಾರಿಗಳು ಆ ವಾರವೇ ವಾಪಸು ಬಂದವು. ಸೇತುವೆಯನ್ನು ನಾವೇ ಬಿಚ್ಚಿದೆವು.

ನಿನ್ನ ಪದ್ಯದಲ್ಲಿ ಸುಳ್ಳು ಅಂದರೆ ನಗು ಒಂದೇ. ಉಳಿದದ್ದೆಲ್ಲ ನೀನು ಗೊತ್ತಿಲ್ಲದೆ ನಿಜವನ್ನೇ ಬರೆದಿದ್ದೀಯ. ಜೀವ ಇತ್ತು. ಅವನ ಹೆಂಡತಿಗೆ ಏನು ಹೇಳಬೇಕೋ ನನಗೆ ತಿಳಿಯದು. ಮಾತು ಬಲ್ಲವಳು ನೀನು.

ತಮ್ಮ

ಡಿಸೆಂಬರ್ ೮

ತಮ್ಮಾ,

ಓದಿದೆ. ಸುಟ್ಟೆ.

ಮರುದಿನ ಹತ್ತನೇ ತರಗತಿಯಲ್ಲಿ ಅಲಂಕಾರದ ಪಾಠವಿತ್ತು. ಮುಂದಿನ ಬೆಂಚಿನ ಹುಡುಗಿ ಎದ್ದುನಿಂತು, ನಿಮ್ಮ ಪದ್ಯದಲ್ಲಿ ತಾನೇ ಹಲಗೆಯಾದ ಅಂತ ಇದೆಯಲ್ಲ, ಅದು ಉಪಮೆಯೋ ರೂಪಕವೋ ಎಂದು ಕೇಳಿದಳು. ರೂಪಕ ಎಂದು ಕರಿಹಲಗೆಯ ಮೇಲೆ ಬರೆದೆ, ಮಕ್ಕಳೆಲ್ಲ ಬರೆದುಕೊಂಡರು.

ಪದ್ಯವನ್ನು ಹಿಂದಕ್ಕೆ ಪಡೆಯುತ್ತೇನೆಂದು ಸಂಪಾದಕರ ಹತ್ತಿರ ಹೋದೆ. ಕಾರಣ ಹೇಳಲಿಲ್ಲ, ನಿನ್ನ ಹೆಸರು ಬರುತ್ತದೆಂದು. ಅವರು ಮರ್ಯಾದೆಯಿಂದಲೇ, "ಅದು ಈಗ ನಿಮ್ಮದಲ್ಲಮ್ಮ. ಜನ ಬಾಯಿಪಾಠ ಮಾಡಿರೋದನ್ನ ನಾನು ಯಾರ ಬಾಯಿಂದ ವಾಪಸ್ ತಗೊಳ್ಲಿ?" ಎಂದರು. ಮುಂದಿನ ವರ್ಷ ಪಠ್ಯಪುಸ್ತಕಕ್ಕೂ ಸೇರುತ್ತದಂತೆ. ಅಭಿನಂದನೆ ಹೇಳಿ ಕಳಿಸಿದರು.

ಆಮೇಲೆ ಬಡಗಿಯ ಹೆಂಡತಿಯ ಊರಿಗೆ ಹೋದೆ, ನಿಜ ಹೇಳಬೇಕೆಂದೇ ಹೋದೆ. ಅವಳ ಅಂಗಡಿ ಅಂದರೆ ಒಂದು ಕೋಣೆ, ಬೀದಿಗೆ ತೆರೆದ ಒಂದು ಬಾಗಿಲು. ಕೆಂಡದ ಪೆಟ್ಟಿಗೆಯಿಂದ ಯಾರದೋ ಅಂಗಿಯ ತೋಳು ತೀಡುತ್ತಿದ್ದಳು. ನನ್ನನ್ನು ಕಂಡು ಪೆಟ್ಟಿಗೆ ಎತ್ತಿಟ್ಟು ನೀರು ಕೊಟ್ಟಳು. ಎದುರಿಗೆ ಸುಮ್ಮನೆ ನಿಂತಳು. ಆ ಮುಖ ನೋಡುತ್ತಾ ನನ್ನ ಬಾಯಿಂದ ಬಂದದ್ದು, "ಇಲ್ಲ. ಜೀವ ಇರಲಿಲ್ಲ. ನನ್ನ ತಮ್ಮ ಬರೆದಿದಾನೆ." ಅವಳು ಗೋಡೆಗೆ ಒರಗಿ ನಿಡಿದಾಗಿ ಉಸಿರು ಬಿಟ್ಟಳು.

ಅಷ್ಟಾಗಿದ್ದರೆ ನನ್ನನ್ನು ನಾನು ಹೇಗೋ ಕ್ಷಮಿಸಿಕೊಳ್ಳುತ್ತಿದ್ದೆ. ಒಳಗಿನಿಂದ ಅವಳ ಮೈದುನ ಬಂದ. ಅಣ್ಣನ ಹತ್ತಿರವೇ ಮರಗೆಲಸ ಕಲಿತವನು, ಇಪ್ಪತ್ತು ದಾಟಿರಬೇಕು. ಸೇನೆಗೆ ಹೆಸರು ಬರೆಸಿದ್ದಾನೆ, ಮರುದಿನವೇ ಹೊರಡುವವನಿದ್ದ. "ಹಾಡು ಕೇಳಿದ್ಮೇಲೆ ಇವನು ಮನೇಲಿ ನಿಲ್ಲಲಿಲ್ಲ ಟೀಚರ್" ಎಂದಳು ಅತ್ತಿಗೆ. ಅವನು ಬಗ್ಗಿ ನನ್ನ ಕಾಲು ಮುಟ್ಟಿದ. ಆಗಲೂ ಹೇಳಬಹುದಿತ್ತು. ಅವಳು ಅದೇ ತಾನೇ ಉಸಿರಾಡಲು ಶುರು ಮಾಡಿದ್ದಳು ತಮ್ಮಾ. ಚೆನ್ನಾಗಿರಪ್ಪ ಎಂದು ಹೇಳಿ ಬಸ್ಸು ಹತ್ತಿದೆ.

ಅಕ್ಕ

ಜನವರಿ ೧೯

ಅಕ್ಕಾ,

ಇದನ್ನೂ ಒಬ್ಬನ ಕೈಯಲ್ಲೇ ಕಳಿಸುತ್ತಿದ್ದೇನೆ.

ಬಡಗಿಯ ತಮ್ಮನನ್ನು ನಮ್ಮ ತುಕಡಿಗೇ ಹಾಕಿದ್ದಾರೆ. ಬಂದವನೇ ನನ್ನನ್ನು ಹುಡುಕಿಕೊಂಡು ಬಂದು ತಬ್ಬಿಕೊಂಡ. ಅಣ್ಣ ಬಿದ್ದ ಜಾಗ ತೋರಿಸಿ ಎಂದು ದಿನಾ ದುಂಬಾಲು. ಅಪಾಯದ ಕೆಲಸಕ್ಕೆಲ್ಲ ತಾನೇ ಮುಂದು. ನೀರಿಗಿಳಿಯುವಾಗ ಹಾಡು ಗುನುಗುತ್ತಾನೆ. ಅವನ ಗುಂಗುರು ಕೂದಲೂ ಅಣ್ಣನದೇ, ಹಿಂದಿನಿಂದ ನೋಡಿ ಎರಡು ಸಲ ಬಡಗಿ ಎಂದೇ ಕರೆದುಬಿಟ್ಟಿದ್ದೇನೆ.

ತಡೆಯಲಾರದೆ ಒಂದು ದಿನ ಕೂರಿಸಿಕೊಂಡು ಎಲ್ಲ ಹೇಳಿದೆ. ಗರಗಸದ ವಿಷಯವನ್ನೂ ಬಿಡಲಿಲ್ಲ. ಅವನು ನನ್ನ ಕೆನ್ನೆಗೆ ಹೊಡೆದ. "ನಮ್ಮಣ್ಣ ಹಂಗೆ ಕೂಗಿಕೊಳ್ಳೋನಲ್ಲ. ನಿಮ್ಮ ಅಕ್ಕನೇ ಮನೆಗೆ ಬಂದು ಅತ್ತಿಗೆ ಮುಂದೆ ಹೇಳಿದಾರೆ, ನಾನು ಒಳಗಿಂದ ಕೇಳಿಸ್ಕೊಂಡಿದೀನಿ. ಅವರು ಸುಳ್ಳು ಹೇಳ್ತಾರಾ? ಹೇಡಿ ನೀವು, ಅದಕ್ಕೇ ಎಲ್ಲರನ್ನೂ ಹೇಡಿ ಮಾಡ್ತೀರ." ನೀರಿನಲ್ಲಿ ನಿಂತಿದ್ದವನು ನಾನು. ಆದರೆ ಸಾಕ್ಷಿ ನೀನಾಗಿದ್ದೀಯ.

ಅವನು ಅಧಿಕಾರಿಯವರೆಗೂ ಹೋದ. ಅವರು ನನ್ನೊಬ್ಬನನ್ನೇ ಕರೆಸಿದರು. ಇನ್ನೊಂದು ಸಲ ಈ ಮಾತು ಎಲ್ಲಾದರೂ ಹೊರಬಿದ್ದರೆ ಮುಂಚೂಣಿಯ ಕಂದಕಕ್ಕೆ ಹಾಕಬೇಕಾಗುತ್ತದೆ ಎಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಅಕ್ಕಾ, ಅವನಿಗೊಂದು ಕಾಗದ ಬರೆ. ನಿನ್ನ ಕೈಬರಹದಲ್ಲಿ, ಸರಳವಾಗಿ. ನಾನು ಅವತ್ತು ಹೇಳಿದ್ದು ಸುಳ್ಳು, ನನ್ನ ತಮ್ಮ ಹೇಳಿದ್ದು ನಿಜ ಅಂತ, ಅಷ್ಟೇ ಸಾಕು. ಇದನ್ನು ತಂದವನ ಕೈಯಲ್ಲೇ ಕೊಡು, ಅವನು ರಜೆ ಮುಗಿಸಿ ಇಲ್ಲಿಗೇ ವಾಪಸು ಬರುತ್ತಾನೆ. ನೀನು ಬರೆದರೆ ಬಡಗಿಯ ತಮ್ಮ ನಂಬುತ್ತಾನೆ. ಹೊಳೆ ಮತ್ತೆ ಏರುತ್ತಿದೆ.

ತಮ್ಮ

ಫೆಬ್ರುವರಿ ೧೧

ತಮ್ಮಾ,

ನೀನು ಕೇಳಿದ ಕಾಗದ ಬರೆಯಲು ಎಷ್ಟೋ ಸಲ ಕೂತೆ. ಒಬ್ಬನಿಗೆ ಹೇಳಿ ಏನಾಗುತ್ತದೆ ಅನ್ನಿಸಿತು. ಇವನನ್ನು ಉಳಿಸಿದರೆ ಹಾಡು ಕೇಳಿ ಹೊರಡುವ ಉಳಿದವರು? ಊರಿಗೆಲ್ಲ ಹೇಳಿದ ಸುಳ್ಳನ್ನು ಊರೆದುರಿಗೇ ಅಳಿಸಬೇಕು ಅನ್ನಿಸಿತು. ನಿನ್ನ ಮನುಷ್ಯ ಬಂದು ಕೇಳಿದಾಗ ಕಾಗದ ಸಿದ್ಧವಿರಲಿಲ್ಲ, ಬರಿಗೈಯಲ್ಲಿ ಕಳಿಸಿದೆ.

ಪುರಭವನದಲ್ಲಿ ಹೊಸದಾಗಿ ಸೇನೆಗೆ ಸೇರಿದವರನ್ನು ಬೀಳ್ಕೊಡುವ ಸಭೆ ಇತ್ತು. 'ಕೊನೆಯ ಹಲಗೆ' ಓದಲು ನನ್ನನ್ನು ಕರೆದಿದ್ದರು. ನಾನು ಬೇರೆಯದನ್ನು ಬರೆದುಕೊಂಡು ಹೋದೆ. ನೀನು ಬೇಡವೆಂದಿದ್ದೆ, ಗೊತ್ತು. ನಿನ್ನ ಹೆಸರು ಎಲ್ಲೂ ಹಾಕಲಿಲ್ಲ. ರಾಗ ಹಾಕಲು ಬಾರದ ಹಾಗೆ ಬರೆಯಬೇಕೆಂದು ಪ್ರಾಸವನ್ನೂ ಬಿಟ್ಟೆ.

ಅವನು ನಗಲಿಲ್ಲ. ಗರಗಸ ತಾ ಎಂದ.
ಹೇಗೆ ಹಿಡಿಯಬೇಕೆಂದು ತಾನೇ ಹೇಳಿಕೊಟ್ಟ.
ಮೇಲೆ ಲಾರಿಗಳು ಹೋಗುತ್ತಿದ್ದವು.
ಗದ್ದ ಹಿಡಿದು ನಿಂತ ಗೆಳೆಯನ ಕೈ ಬರಲಿಲ್ಲ.

ಹೀಗೇ ಕೊನೆಯವರೆಗೂ. ನಡುವೆ ತಲೆಯೆತ್ತಿದಾಗ ಮುಂದಿನ ಸಾಲಿನಲ್ಲಿ ಅವಳು ಕಂಡಳು. ಗಂಡನ ಪದಕ ಕೊಡಲು ಅವಳನ್ನೂ ಕರೆಸಿದ್ದರು, ನನಗೆ ಯಾರೂ ಹೇಳಿರಲಿಲ್ಲ. ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ, ಓದಿ ಮುಗಿಸಿದೆ.

ಬೈಯುತ್ತಾರೆ, ವೇದಿಕೆಯಿಂದ ಇಳಿಸುತ್ತಾರೆ ಎಂದುಕೊಂಡಿದ್ದೆ. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಜನ ಅಳುತ್ತಾ ತಟ್ಟಿದರು. ಅಧ್ಯಕ್ಷರು ಮೈಕಿನ ಮುಂದೆ ಬಂದು, ಸೇನೆ ನಿಲ್ಲಬಾರದೆಂದು ತನ್ನ ಕಾಲನ್ನೇ ಕೊಯ್ದುಕೊಡಲು ಮುಂದಾದ ವೀರ ಎಂದರು. ಹೊರಡಲಿದ್ದ ತರುಣರು ಮುಷ್ಟಿ ಎತ್ತಿ ಕೂಗಿದರು. ಸಂಗೀತದ ಮೇಷ್ಟ್ರು ನನ್ನ ಕೈ ಹಿಡಿದು, ಇದು ಮೊದಲಿನದಕ್ಕಿಂತ ಚೆನ್ನಾಗಿದೆ, ಇದಕ್ಕೆ ನಿಧಾನದ ರಾಗ ಬೇಕು ಎಂದರು. ಅಲ್ಲ, ಅಲ್ಲ, ಹಾಗಲ್ಲ ಎಂದು ನಾನು ಹೇಳುತ್ತಲೇ ಇದ್ದೆ. ವಿನಯವೆಂದುಕೊಂಡರು.

ಹಿಂದಿನ ಕೋಣೆಗೆ ಬಂದರೆ ಅವಳು ಬಾಗಿಲ ಹತ್ತಿರ ನಿಂತಿದ್ದಳು. ಪದಕದ ಡಬ್ಬಿ ಕೈಯಲ್ಲೇ ಇತ್ತು.

"ಅವತ್ತು ಇಲ್ಲ ಅಂದ್ರಲ್ಲ ಟೀಚರ್" ಎಂದಳು. "ಇವತ್ತೂ ಇಲ್ಲ ಅಂದ್ಬಿಡಿ. ಇದೂ ಪದ್ಯದಲ್ಲಿ ಹೇಳೋ ರೂಢಿ ಅಂದ್ಬಿಡಿ."

ಅವಳು ಸ್ವಲ್ಪ ಹೊತ್ತು ಕಾದು ನೋಡಿ ಹೊರಟುಹೋದಳು.

ಅಕ್ಕ

ಮಾರ್ಚ್ ೫

ತಮ್ಮಾ,

ನಿನ್ನಿಂದ ಉತ್ತರವಿಲ್ಲ. ಆ ಪದ್ಯವೂ ಪತ್ರಿಕೆಯಲ್ಲಿ ಬಂತು. ನಾನು ಕೊಟ್ಟಿರಲಿಲ್ಲ, ಸಭೆಯಲ್ಲಿ ಯಾರೋ ಬರೆದುಕೊಂಡು ಕಳಿಸಿದ್ದಾರೆ. ನಿಮ್ಮ ಕಡೆಗೂ ಬಂದಿರುತ್ತದೆ. ಗದ್ದ ಹಿಡಿದು ನಿಂತ ಗೆಳೆಯ ಯಾರೆಂದು ನಿಮ್ಮ ಅಧಿಕಾರಿಗೆ ಹೇಳಿಕೊಡಬೇಕಾಗಿಲ್ಲ ಎಂಬುದು ನನಗೆ ಈಗ ಹೊಳೆಯುತ್ತಿದೆ. ಓದುವಾಗ ಹೊಳೆಯಲಿಲ್ಲ ಎಂದರೆ ನೀನು ನಂಬುತ್ತೀಯೋ ಇಲ್ಲವೋ.

ನೀನು ಕೇಳಿದ ಕಾಗದವನ್ನು ಕೊನೆಗೂ ಬರೆದೆ. ನಾಲ್ಕೇ ಸಾಲಾಯಿತು, ಯಾವ ಕಷ್ಟವೂ ಆಗಲಿಲ್ಲ. ಆದರೆ ನಿನಗೆ ಹಾಕಿದ ಕಾಗದ ಮುಟ್ಟುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ಬಡಗಿಯ ಹೆಂಡತಿಯ ಮೂಲಕವಾದರೂ ಕಳಿಸೋಣವೆಂದು ಅವಳ ಊರಿಗೆ ಹೋದೆ. ಅಂಗಡಿ ಮುಚ್ಚಿತ್ತು. ಜನ ಇಸ್ತ್ರಿಗೆ ಕೊಟ್ಟಿದ್ದ ಬಟ್ಟೆಯ ಗಂಟುಗಳನ್ನು ಪಕ್ಕದ ಮನೆಯಾಕೆ ತನ್ನ ಜಗುಲಿಯಲ್ಲಿ ಇಟ್ಟುಕೊಂಡು ಹಂಚುತ್ತಿದ್ದಳು. ಮೈದುನನ ಹೆಸರಿಗೂ ತಂತಿ ಬಂತು, ಹೊಳೆಯಲ್ಲೇ ಅಂತೆ ಎಂದಳು. ಅದು ಬಂದ ಮೇಲೆ ಅವಳು ಎಲ್ಲಿಗೆ ಹೋದಳೆಂದು ಯಾರಿಗೂ ಗೊತ್ತಿಲ್ಲ.

ಅವನು ಹೇಗೆ ಹೋದ ಬರೆ. ನಿನ್ನನ್ನು ಎಲ್ಲಿಗೆ ಹಾಕಿದ್ದಾರೆ ಬರೆ. ನಾನು ಪದ್ಯ ಬರೆಯುವುದನ್ನು ಬಿಟ್ಟಿದ್ದೇನೆ. ಅದನ್ನು ಹೇಳಿಕೊಂಡರೂ ದೊಡ್ಡ ಮಾತಾಡಿದ ಹಾಗಾಗುತ್ತದೆ. ಬೈದಾದರೂ ಒಂದು ಕಾಗದ ಹಾಕು. ದಿನಾ ಮಧ್ಯಾಹ್ನ ಅಂಚೆಯವನು ಶಾಲೆಯ ಗೇಟು ದಾಟುವವರೆಗೂ ತರಗತಿಯ ಕಿಟಕಿ ಬಿಟ್ಟು ಕದಲುವುದಿಲ್ಲ.

ಅಕ್ಕ

ಮಾರ್ಚ್ ೨೮
ಮನೆಯ ವಿಳಾಸಕ್ಕೆ

ಅಮ್ಮಾ,

ನಾನು ಚೆನ್ನಾಗಿದ್ದೇನೆ. ಚಳಿ ಕಡಿಮೆಯಾಗಿದೆ. ಊಟ ಹೊತ್ತಿಗೆ ಸರಿಯಾಗಿ ಸಿಗುತ್ತದೆ. ನನ್ನನ್ನು ಹೊಸ ಜಾಗಕ್ಕೆ ಹಾಕಿದ್ದಾರೆ. ಇಲ್ಲಿ ಕೆಲಸ ಹಗುರ, ಹೆಚ್ಚು ಹೊತ್ತು ಕೂತೇ ಇರುವುದು. ಜೊತೆಯವರು ಒಳ್ಳೆಯವರು. ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ.

ನಿನ್ನ ಕಾಲಿಗೆ ಬಿಸಿನೀರಿನ ಶಾಖ ಕೊಟ್ಟುಕೋ. ನನ್ನ ಚಿಂತೆ ಮಾಡಬೇಡ.

ಇನ್ನು ಮೇಲೆ ಎಲ್ಲ ಕಾಗದವನ್ನೂ ನಿನಗೇ ಬರೆಯುತ್ತೇನೆ, ಶಾಲೆಗೆ ಬರೆಯುವುದಿಲ್ಲ. ನಿನಗೆ ಓದಿ ಹೇಳುವಾಗ ಅಕ್ಕನಿಗೂ ಕೇಳಿಸುತ್ತದಲ್ಲ, ಅವಳಿಗೂ ಅಷ್ಟು ಸಾಕು.